ಆಪ್‌ಆರ್ಮರ್: ಕಿರಿಕಿರಿ ಇದೆ, ಆದರೂ ಆಫ್ ಮಾಡುವುದಿಲ್ಲ

ಆಪ್‌ಆರ್ಮರ್ ಅಂದರೆ ಲಿನಕ್ಸ್‌ನಲ್ಲಿ ಒಂದೊಂದು ಪ್ರೋಗ್ರಾಂಗೂ ಬೇಲಿ ಹಾಕುವ ಭದ್ರತಾ ವ್ಯವಸ್ಥೆ. ಮೊದಲೇ ರೇಟಿಂಗ್ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು. ಒಂದು ಸ್ಟಾರ್ ಯಾಕೆ ಕಟ್ ಅಂತ ಕೆಳಗಿದೆ.

ನಮ್ಮದು ಸಣ್ಣ ಆಫೀಸು. ಉಬುಂಟು, ಡೆಬಿಯನ್ ಅನ್ನುವ ಲಿನಕ್ಸ್ ಸರ್ವರ್‌ಗಳ ಮೇಲೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಓಡುತ್ತದೆ. ಜೊತೆಗೆ ನಾವೇ ಬರೆದುಕೊಂಡ ಒಂದು ಬಿಲ್ಲಿಂಗ್ ಸರ್ವಿಸ್ ಇದೆ, ಹಗಲೂ ರಾತ್ರಿ ಹಿಂದುಗಡೆ ಓಡುತ್ತಲೇ ಇರುತ್ತದೆ, ಗಿರಾಕಿಗಳು ಅಪ್‌ಲೋಡ್ ಮಾಡಿದ ಫೈಲ್ ಓದಿ ಪಿಡಿಎಫ್ ಮಾಡುತ್ತದೆ. ಯಾರ್ಯಾರೋ ಕಳಿಸಿದ ಫೈಲ್ ತೆರೆಯುವ ಪ್ರೋಗ್ರಾಂ ಅಂದರೆ ನನಗೆ ಯಾವತ್ತೂ ಅನುಮಾನವೇ. ಅದು ಬಳಸುವ ಯಾವುದೋ ಲೈಬ್ರರಿಯಲ್ಲಿ ತೂತು ಸಿಕ್ಕಿದರೆ ಸಾಕು, ಒಳಗೆ ಬಂದವನಿಗೆ ಆ ಸರ್ವಿಸ್‌ನ ಯೂಸರ್‌ಗೆ ಸಿಗುವುದೆಲ್ಲ ಸಿಗುತ್ತದೆ. ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಆಗಿ, ಓಡುತ್ತಿದ್ದರಂತೂ ಕೇಳುವುದೇ ಬೇಡ. ಆಪ್‌ಆರ್ಮರ್ ಕರ್ನಲ್ ಒಳಗೇ, ಅಂದರೆ ಸಿಸ್ಟಮ್‌ನ ತಿರುಳಲ್ಲೇ, ಕೂತು, ಈ ಪ್ರೋಗ್ರಾಂ ಇಷ್ಟು ಫೈಲ್ ಓದಬಹುದು, ಇಷ್ಟರಲ್ಲಿ ಬರೆಯಬಹುದು, ಉಳಿದದ್ದು ರೂಟ್ ಬಂದು ಕೇಳಿದರೂ ಇಲ್ಲ ಅನ್ನುತ್ತದೆ. ಕರ್ನಲ್‌ನಲ್ಲೇ ತೂತಿದ್ದರೆ ಇದೂ ಕಾಯುವುದಿಲ್ಲ, ಅದು ಗೊತ್ತಿರಲಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಪ್ರೊಫೈಲ್, ಅಂದರೆ ಒಂದು ಪ್ರೋಗ್ರಾಂಗೆ ಬರೆದ ನಿಯಮಗಳ ಫೈಲ್, ಓದಿದರೆ ಅರ್ಥವಾಗುತ್ತದೆ ಅನ್ನುವುದು. ಒಂದು ಸಾಲಿಗೆ ಒಂದು ಪಾತ್ (ಫೈಲ್ ಇರುವ ಜಾಗ), ಪಕ್ಕದಲ್ಲಿ ಓದಲು ಆರ್, ಬರೆಯಲು ಡಬ್ಲ್ಯೂ, ಲಾಕ್‌ಗೆ ಕೆ, ಕೊನೆಗೊಂದು ಕಾಮಾ. ಕಾಮಾ ಬಿಟ್ಟರೆ ಪಾರ್ಸರ್ ಒಪ್ಪುವುದಿಲ್ಲ. ಟೀಮಿಗೆ ಹೊಸದಾಗಿ ಬಂದ ಹುಡುಗಿ ನಮ್ಮ ಬಿಲ್ಲಿಂಗ್ ಪ್ರೊಫೈಲ್ ನೋಡಿ "ಸರ್, ಇದಕ್ಕೆ ಹೋಮ್ ಫೋಲ್ಡರ್ ಯಾಕೆ ಬೇಕು?" ಅಂತ ಕೇಳಿದಳು. ಬೇಕಿರಲಿಲ್ಲ, ತೆಗೆದೆವು. ಯಾರೋ ಒಬ್ಬ ಎಕ್ಸ್‌ಪರ್ಟ್‌ಗೆ ಮಾತ್ರ ಗೊತ್ತಿರುವ ಪಾಲಿಸಿ ಅವನು ಕೆಲಸ ಬಿಟ್ಟ ದಿನವೇ ಸತ್ತು ಹೋಗುತ್ತದೆ. ಇದು ಹಾಗಲ್ಲ.

ಈಗ ಎಲ್ಲರಿಗೂ ತಲೆನೋವು ಕೊಡುವ ಕೇಸ್. ಮೈಎಸ್‌ಕ್ಯೂಎಲ್ ಡೇಟಾ ಫೋಲ್ಡರನ್ನು ದೊಡ್ಡ ಡಿಸ್ಕಿಗೆ ಸಾಗಿಸುತ್ತೀರಿ. ಓನರ್ ಸರಿ ಇದೆ, ಪರ್ಮಿಶನ್ ಸರಿ ಇದೆ, ಆದರೂ ಸರ್ವಿಸ್ ಏಳುವುದಿಲ್ಲ, ಎರರ್ ನಂಬರ್ 13 (ಅನುಮತಿ ಇಲ್ಲ) ಅನ್ನುತ್ತದೆ. ಜನ ಇಲ್ಲೇ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟು ನೋಡುವುದು, ಅದರಿಂದ ಏನೂ ಆಗಲ್ಲ, ಇದ್ದ ಭದ್ರತೆಯೂ ಹೋಯಿತು. ಕರ್ನಲ್ ಲಾಗ್ ತೆಗೆದರೆ ಉತ್ತರ ಅಲ್ಲೇ ಇರುತ್ತದೆ: ಆಪ್‌ಆರ್ಮರ್ ಡಿನೈಡ್, ಆಪರೇಶನ್ ಓಪನ್, ಪ್ರೊಫೈಲ್ ಇಂಥದ್ದು, ಫೈಲ್ ಇಂಥದ್ದು, ಕೇಳಿದ್ದು ಆರ್‌ಡಬ್ಲ್ಯೂ. ಹಳೇ ಪಾತ್‌ಗೆ ಮಾತ್ರ ಪ್ರೊಫೈಲ್ ಅನುಮತಿ ಕೊಟ್ಟಿದೆ, ಹೊಸದು ಅದಕ್ಕೆ ಗೊತ್ತಿಲ್ಲ. ಮೂಲ ಪ್ರೊಫೈಲ್ ತಿದ್ದಬೇಡಿ, ಪ್ಯಾಕೇಜ್ ಅಪ್‌ಡೇಟ್ ಬಂದಾಗ ಜಗಳ ಶುರುವಾಗುತ್ತದೆ. ಲೋಕಲ್ ಅನ್ನುವ ಫೋಲ್ಡರ್‌ನಲ್ಲಿ ಅದೇ ಹೆಸರಿನ ಫೈಲ್ ಇರುತ್ತದೆ, ಅದರಲ್ಲಿ ಹೊಸ ಪಾತ್‌ನ ಎರಡು ಸಾಲು ಹಾಕಿ, ಪ್ರೊಫೈಲ್ ರೀಲೋಡ್ ಮಾಡಿ. ಸಿಮ್‌ಲಿಂಕ್ (ಹಳೇ ಪಾತ್‌ನಿಂದ ಹೊಸದಕ್ಕೆ ಕೈತೋರಿಸುವ ಕೊಂಡಿ) ಹಾಕಿ ತಪ್ಪಿಸಿಕೊಳ್ಳೋಣ ಅಂದರೆ ನಡೆಯಲ್ಲ, ಆಪ್‌ಆರ್ಮರ್ ಲಿಂಕ್ ಹಿಂದಿರುವ ನಿಜವಾದ ಪಾತನ್ನೇ ನೋಡುತ್ತದೆ.

ಹೊಸ ಸರ್ವಿಸ್‌ಗೆ ಪ್ರೊಫೈಲ್ ಬರೆಯುವುದು ಸುಲಭ. ಕಂಪ್ಲೇನ್ ಮೋಡ್‌ನಲ್ಲಿ ಬಿಟ್ಟರೆ ತಡೆಯುವುದಿಲ್ಲ, ಸುಮ್ನೆ ಲಾಗ್ ಬರೆಯುತ್ತದೆ. ಆಮೇಲೆ ಎಎ-ಲಾಗ್‌ಪ್ರಾಫ್ ಕಮಾಂಡ್ ಓಡಿಸಿದರೆ ಲಾಗ್‌ನಲ್ಲಿ ಇದ್ದದ್ದನ್ನು ಒಂದೊಂದಾಗಿ ಕೇಳುತ್ತದೆ, ನೀವು ಅನುಮತಿ ಕೊಡುತ್ತಾ ಹೋಗುತ್ತೀರಿ. ಇಲ್ಲೇ ಎಚ್ಚರ ಬೇಕು. ಸರ್ವಿಸ್ ಬೇರೊಂದು ಪ್ರೋಗ್ರಾಂ ಕರೆದರೆ ಅದನ್ನು ಯಾವ ನಿಯಮದಲ್ಲಿ ಓಡಿಸಲಿ ಅನ್ನುವ ಪ್ರಶ್ನೆ ಬರುತ್ತದೆ. ಅನ್‌ಕನ್‌ಫೈನ್ಡ್ (ಕಟ್ಟುಪಾಡಿಲ್ಲ) ಒತ್ತಿದರೆ ಆ ಮರಿ ಪ್ರೋಗ್ರಾಂ ಬೇಲಿ ಹಾರಿ ಹೊರಗೆ, ಅಷ್ಟೂ ಕೆಲಸ ನೀರಿಗೆ ಹಾಕಿದ ಹಾಗೆ.

ಇನ್ನೊಂದು. ಕಂಪ್ಲೇನ್ ಮೋಡ್ ಕಂಡದ್ದನ್ನು ಮಾತ್ರ ಬರೆಯುತ್ತದೆ, ಕಾಣದ್ದನ್ನು ಹೇಗೆ ಬರೆದೀತು? ವಾರ ಪೂರ್ತಿ ನೋಡಿ ಎನ್‌ಫೋರ್ಸ್‌ಗೆ, ಅಂದರೆ ನಿಜವಾಗಿ ತಡೆಯುವ ಮೋಡ್‌ಗೆ, ಹಾಕುತ್ತೀರಿ, ತಿಂಗಳ ಕೊನೆಯಲ್ಲಿ ಮಾತ್ರ ಓಡುವ ಕೆಲಸ ಬಂದು ಫಾಂಟ್ ಫೋಲ್ಡರ್ ಕೇಳುತ್ತದೆ, ಬಿಲ್‌ನಲ್ಲಿ ಕನ್ನಡ ಅಕ್ಷರದ ಬದಲು ಚೌಕ ಚೌಕ ಡಬ್ಬಿ. ಹಾಗಾಗಿ ನಮ್ಮಲ್ಲಿ ಹೊಸ ಸರ್ವಿಸ್ ಒಂದು ಪೂರ್ತಿ ಬಿಲ್ಲಿಂಗ್ ತಿಂಗಳು ದಾಟದೆ ಎನ್‌ಫೋರ್ಸ್‌ಗೆ ಹೋಗುವುದಿಲ್ಲ. ಬ್ಯಾಕಪ್ ತಂದು ವಾಪಸ್ ಹಾಕುವ ಕೆಲಸವನ್ನೂ ಆ ತಿಂಗಳಲ್ಲೇ ಒಮ್ಮೆ ಮಾಡಿ ನೋಡುತ್ತೇವೆ.

ಎನ್‌ಫೋರ್ಸ್ ಮಾಡಿದ ಮೇಲೆ ಎಎ-ಸ್ಟೇಟಸ್ ಕಮಾಂಡ್ ಓಡಿಸಿ ನೋಡಿ. ಆಗಲೇ ಓಡುತ್ತಿರುವ ಸರ್ವಿಸ್‌ಗೆ ಹೊಸ ಪ್ರೊಫೈಲ್ ಅಂಟುವುದಿಲ್ಲ, ರೀಸ್ಟಾರ್ಟ್ ಬೇಕು. ಪ್ರೊಫೈಲ್ ಇದೆ ಆದರೆ ಕಟ್ಟುಪಾಡಿಲ್ಲದೆ ಓಡುತ್ತಿದೆ ಅಂತ ಅದು ಬೇರೆ ಪಟ್ಟಿಯಲ್ಲೇ ತೋರಿಸುತ್ತದೆ, ಅದನ್ನು ಓದುವವರು ಕಮ್ಮಿ. ಪೈಥಾನ್ ಕಮಾಂಡಿಗೆ ಸ್ಕ್ರಿಪ್ಟ್ ಕೊಟ್ಟು ಓಡಿಸುವ ಸರ್ವಿಸ್ ಆದರೆ, ಸರ್ವಿಸ್‌ಗಳನ್ನು ಶುರು ಮಾಡುವ ಸಿಸ್ಟಮ್‌ಡಿಯ ಯೂನಿಟ್ ಫೈಲ್‌ನಲ್ಲೇ ಆಪ್‌ಆರ್ಮರ್‌ಪ್ರೊಫೈಲ್ ಅಂತ ಒಂದು ಸಾಲು ಹಾಕಿಬಿಡಿ. ಇಲ್ಲದಿದ್ದರೆ ಕರ್ನಲ್ ಕಣ್ಣಿಗೆ ಅದು ಬರೀ ಪೈಥಾನ್.

ಈಗ ಕಟ್ ಆದ ಸ್ಟಾರ್. ಆಡಿಟ್‌ಡಿ (ಕರ್ನಲ್‌ನ ಆಡಿಟ್ ಲಾಗ್ ಬರೆದಿಡುವ ಸರ್ವಿಸ್) ಹಾಕದ ಸರ್ವರ್‌ನಲ್ಲಿ ಡಿನೈಡ್ ಸಾಲುಗಳು ಒಟ್ಟಿಗೆ ಜಾಸ್ತಿ ಬಂದರೆ ಕರ್ನಲ್ ಕೆಲವನ್ನು ನುಂಗಿಬಿಡುತ್ತದೆ. ನಿಮಗೆ ಬೇಕಾದ ಸಾಲೇ ಅದರಲ್ಲಿ ಹೋಗಿರುತ್ತದೆ! ಇದಕ್ಕಿಂತ ಕೆಟ್ಟದ್ದು ಡಿನೈ ನಿಯಮ. ನೀವಾಗಿ ಡಿನೈ ಅಂತ ಬರೆದದ್ದು ಲಾಗ್‌ಗೆ ಬರುವುದೇ ಇಲ್ಲ, ಡಿನೈಗಿಂತ ಮೊದಲು ಆಡಿಟ್ ಅಂತ ಸೇರಿಸಿದರೆ ಮಾತ್ರ ಬರುತ್ತದೆ. ಹಿಂದೆ ಯಾರೋ ಗಲಾಟೆ ಕಮ್ಮಿ ಮಾಡಲು ಹಾಕಿದ ಡಿನೈ, ಇವತ್ತು ಸರ್ವಿಸ್ ನಿಂತಾಗ ಒಂದು ಸುಳಿವೂ ಕೊಡುವುದಿಲ್ಲ. ಡೀಫಾಲ್ಟ್ ಉಲ್ಟಾ ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಇದೇ ಕೆಲಸ ಮಾಡುವ ಇನ್ನೊಂದು ವ್ಯವಸ್ಥೆ ಎಸ್‌ಇಲಿನಕ್ಸ್ ಒಳ್ಳೆಯದಲ್ವಾ ಅಂತ ಕೇಳುವವರಿಗೆ: ಬಿಗಿ ಅಂತ ನೋಡಿದರೆ ಹೌದು. ಅದು ಫೈಲ್‌ಗೇ ಲೇಬಲ್ ಅಂಟಿಸುತ್ತದೆ, ಹೆಸರು ಬದಲಾದರೂ ಲೇಬಲ್ ಹೋಗಲ್ಲ. ಆಪ್‌ಆರ್ಮರ್ ಪಾತ್ ನಂಬುತ್ತದೆ, ಅದೇ ಇದರ ಬಲಹೀನತೆ. ಆದರೆ ಎಸ್‌ಇಲಿನಕ್ಸ್‌ನಲ್ಲಿ ಎಂವಿ ಕಮಾಂಡ್‌ನಿಂದ ಸಾಗಿಸಿದ ಫೈಲ್ ಹಳೇ ಲೇಬಲ್ ಹೊತ್ತುಕೊಂಡೇ ಬಂದು ವೆಬ್ ಸರ್ವರ್ ಓದದೆ ಕೂರುವುದು, ಆಮೇಲೆ ಲೇಬಲ್ ಸರಿ ಮಾಡಲು ರಿಸ್ಟೋರ್‌ಕಾನ್, ಅದು ಬೇರೆಯದೇ ಸಂಸಾರ. ರೆಡ್ ಹ್ಯಾಟ್ ಕಡೆಯ ಸಿಸ್ಟಮ್ ಇದ್ದರೆ ಅದನ್ನೇ ಕಲಿಯಿರಿ. ಆಪ್‌ಆರ್ಮರ್ 2010ರಲ್ಲಿ 2.6.36 ಕರ್ನಲ್‌ಗೆ ಸೇರಿತು, ಡೆಬಿಯನ್ 10ರಿಂದ, ಅಂದರೆ 2019ರಿಂದ, ಅಲ್ಲಿ ತಾನಾಗಿಯೇ ಆನ್ ಇರುತ್ತದೆ. ಆದರೆ ಓಪನ್‌ಸೂಸೆ ಟಂಬಲ್‌ವೀಡ್ ಅನ್ನುವ ಲಿನಕ್ಸ್ 2025ರಲ್ಲಿ ಹೊಸ ಇನ್‌ಸ್ಟಾಲ್‌ಗಳಿಗೆ ಎಸ್‌ಇಲಿನಕ್ಸನ್ನೇ ಡೀಫಾಲ್ಟ್ ಮಾಡಿಕೊಂಡಿದೆ. ಒಂದು ಕಾಲಕ್ಕೆ ಆಪ್‌ಆರ್ಮರ್‌ನ ತವರೇ ಅದು, ಸ್ವಲ್ಪ ಬೇಜಾರಾಯಿತು.

ಉಬುಂಟು 24.04ಕ್ಕೆ ಹೋಗುವವರು ಒಂದು ನೋಡಿಕೊಳ್ಳಿ. ಸಾಮಾನ್ಯ ಯೂಸರ್ ಮಾಡುವ ಯೂಸರ್ ನೇಮ್‌ಸ್ಪೇಸ್‌ಗಳನ್ನು (ಪ್ರೋಗ್ರಾಂ ತನಗೆಂದೇ ಮಾಡಿಕೊಳ್ಳುವ ಪ್ರತ್ಯೇಕ ಯೂಸರ್ ವಲಯ) ಈಗ ಆಪ್‌ಆರ್ಮರ್ ತಡೆಯುತ್ತದೆ. ಪಿಡಿಎಫ್ ಮಾಡಲು ಬೇರೆ ಫೋಲ್ಡರ್‌ನಲ್ಲಿಟ್ಟ ಕ್ರೋಮಿಯಂ ಬ್ರೌಸರ್ ಬಳಸುತ್ತಿದ್ದರೆ ಸ್ಯಾಂಡ್‌ಬಾಕ್ಸ್ (ಅದರ ಸ್ವಂತ ರಕ್ಷಣಾ ಬೇಲಿ) ಸಿಗುತ್ತಿಲ್ಲ ಅಂತ ನಿಂತುಬಿಡುತ್ತದೆ. ನೋ-ಸ್ಯಾಂಡ್‌ಬಾಕ್ಸ್ ಹಾಕಿ ಅಂತ ಸಲಹೆ ಕೊಡುವವರು ಬೇಕಾದಷ್ಟು ಸಿಗುತ್ತಾರೆ, ಕೇಳಬೇಡಿ. ಆ ಕ್ರೋಮಿಯಂ ಪಾತ್‌ಗೆ ಅನ್‌ಕನ್‌ಫೈನ್ಡ್ ಫ್ಲ್ಯಾಗ್ ಇರುವ ಒಂದು ಪುಟ್ಟ ಪ್ರೊಫೈಲ್ ಬರೆದು, ಒಳಗೆ ಯೂಸರ್‌ಎನ್‌ಎಸ್ ಅನ್ನುವ ಒಂದು ಸಾಲು ಕೊಟ್ಟರೆ ಕೆಲಸ ಆಗುತ್ತದೆ.