ಕೋಕ್ಯೂ-10 ಕ್ಯಾಪ್ಸೂಲ್: ಮೈಟೊಕಾಂಡ್ರಿಯದ ಹೆಸರಲ್ಲಿ ಕೊಟ್ಟ ದುಡ್ಡಿಗೆ ಏನು ಸಿಕ್ಕಿತು?

ಕೋಕ್ಯೂ-10 ಅಂದರೆ ಕೋಎನ್‌ಜೈಮ್ ಕ್ಯೂ-10, ಜೀವಕೋಶ ಶಕ್ತಿ ತಯಾರಿಸಲು ಬೇಕಾದ ಒಂದು ವಸ್ತು. ಮೊದಲೇ ಹೇಳಿಬಿಡುತ್ತೇನೆ. ಈ ಕ್ಯಾಪ್ಸೂಲ್ ಕೆಟ್ಟದ್ದಲ್ಲ. ಆದರೆ ಮುಪ್ಪು ತಡೆಯುತ್ತದೆ, ಸುಸ್ತು ಓಡಿಸುತ್ತದೆ, ಶುಗರ್ ನೋಡಿಕೊಳ್ಳುತ್ತದೆ ಅಂತ ನಂಬಿ ತಗೊಂಡರೆ ದುಡ್ಡು ದಂಡ.

ತಂದಿದ್ದು ಅಮ್ಮನಿಗೆ. ವಯಸ್ಸು ಅರವತ್ತು ದಾಟಿದೆ, ಶುಗರ್ ಗಡಿಯಲ್ಲಿದೆ, ಕೊಲೆಸ್ಟರಾಲ್‌ಗೆ ಅಟೊರ್ವಾಸ್ಟಾಟಿನ್ ನಡೆಯುತ್ತಿದೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ ಅನ್ನುತ್ತಿದ್ದರು. ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ, "ಅಕ್ಕಾ, ಇದು ಮೈಟೊಕಾಂಡ್ರಿಯಕ್ಕೆ ಒಳ್ಳೇದು, ಈಗ ಎಲ್ಲರೂ ಇದನ್ನೇ ತಗೊಂಡು ಹೋಗ್ತಿದಾರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ" ಅಂತ ಸ್ಟ್ರಿಪ್ ಕೈಗಿಟ್ಟರು. ಕಂಪನಿ ಹೆಸರು ಬರೆಯುತ್ತಿಲ್ಲ. ಅಲ್ಲಿದ್ದ ಬೇರೆ ಸ್ಟ್ರಿಪ್‌ಗಳ ಹಿಂದೆಯೂ ಹೆಚ್ಚುಕಮ್ಮಿ ಇದೇ ಪಟ್ಟಿ ಇತ್ತು.

ಹತ್ತರ ಸ್ಟ್ರಿಪ್. ಕೋಕ್ಯೂ-10 ನೂರು ಮಿಲಿಗ್ರಾಂ, ಜೊತೆಗೆ ವಿಟಮಿನ್ ಸಿ, ವಿಟಮಿನ್ ಇ, ಲೈಕೋಪೀನ್, ಸೆಲೆನಿಯಂ, ಇನ್ನೂ ಏನೇನೋ. ಒಂದು ಕ್ಯಾಪ್ಸೂಲ್‌ಗೆ ಮೂವತ್ತು ರೂಪಾಯಿಗಿಂತ ಜಾಸ್ತಿ ಬೀಳುತ್ತದೆ. ಒಂದನ್ನು ಕತ್ತರಿಯಲ್ಲಿ ಕತ್ತರಿಸಿ ನೋಡಿದೆ. ಒಳಗೆ ಗಾಢ ಕಿತ್ತಳೆ ಬಣ್ಣದ ಮಂದ ಎಣ್ಣೆ. ಸ್ಟೀಲ್ ತಟ್ಟೆಗೆ ಹಾಕಿ ನೀರು ಬಿಟ್ಟರೆ ಕರಗುವುದೇ ಇಲ್ಲ, ಮೇಲೆ ತೇಲುತ್ತದೆ. ಬೆರಳಿಗೆ ಅಂಟಿದ್ದು ಸೋಪು ಹಾಕಿ ತಿಕ್ಕಿದ ಮೇಲೇ ಹೋಗಿದ್ದು. ಇಂಥದ್ದನ್ನು ಖಾಲಿ ಹೊಟ್ಟೆಗೆ ನೀರಲ್ಲಿ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕೋಕ್ಯೂ-10 ಕೊಬ್ಬಿನಲ್ಲಿ ಕರಗುವ ವಸ್ತು, ಎಣ್ಣೆ ತುಪ್ಪ ಇರುವ ಊಟದ ಜೊತೆಗೇ ತಗೋಬೇಕು. ಅಂಗಡಿಯವರು ಹೇಳಿದ್ದು ತಪ್ಪು, ಸ್ಟ್ರಿಪ್ ಮೇಲಂತೂ ಈ ಮಾತೇ ಇಲ್ಲ. ಇಷ್ಟು ಬೆಲೆ ಇಟ್ಟವರು ಒಂದು ಸಾಲು ಬರೆಯಬಹುದಿತ್ತು, ಅಲ್ವಾ?

ಇನ್ನು ಮೈಟೊಕಾಂಡ್ರಿಯದ ವಿಷಯಕ್ಕೆ ಬರೋಣ. ಜೀವಕೋಶದ ಪವರ್ ಹೌಸ್ ಅಂತ ಶಾಲೆಯಲ್ಲಿ ಓದಿದ್ದೇವೆ. ತಿಂದ ಅನ್ನ, ಮುದ್ದೆಯಿಂದ ಬಂದ ಇಲೆಕ್ಟ್ರಾನ್‌ಗಳು ಅದರ ಒಳಪೊರೆಯಲ್ಲಿರುವ ಪ್ರೋಟೀನ್‌ಗಳ ಮೂಲಕ ಸಾಗುತ್ತವೆ, ಕೊನೆಗೆ ಕೋಶದ ಕೆಲಸಕ್ಕೆ ಶಕ್ತಿ ಕೊಡುವ ಎಟಿಪಿ ತಯಾರಾಗುತ್ತದೆ. ಈ ಪ್ರೋಟೀನ್‌ಗಳಲ್ಲಿ ಮೊದಲನೆಯದು ಮತ್ತು ಎರಡನೆಯದರಿಂದ ಇಲೆಕ್ಟ್ರಾನ್ ಎತ್ತಿಕೊಂಡು ಮೂರನೆಯದಕ್ಕೆ ಕೊಡುವ ಹಮಾಲಿಯೇ ಕೋಕ್ಯೂ-10. 1957ರಲ್ಲಿ ಅಮೆರಿಕದ ಫ್ರೆಡ್ರಿಕ್ ಕ್ರೇನ್ ಇದನ್ನು ದನದ ಹೃದಯದ ಮೈಟೊಕಾಂಡ್ರಿಯದಿಂದ ಬೇರ್ಪಡಿಸಿದರು. ನಮ್ಮ ದೇಹವೇ ಇದನ್ನು ತಯಾರಿಸುತ್ತದೆ. ಹಾಗಾಗಿ ಹಮಾಲಿಗಳು ನಿಜಕ್ಕೂ ಕಮ್ಮಿ ಇದ್ದರೆ ಹೊರಗಿಂದ ಕೊಟ್ಟಾಗ ಪ್ರಯೋಜನ ಆಗುತ್ತದೆ. ಹುಟ್ಟಿನಿಂದಲೇ ಕೋಕ್ಯೂ-10 ತಯಾರಿಸಲು ಆಗದ ಅಪರೂಪದ ಕಾಯಿಲೆಯ ಮಕ್ಕಳಿಗೆ ಡಾಕ್ಟರು ಇದನ್ನೇ ಕೊಡುತ್ತಾರೆ. ಆದರೆ ವಯಸ್ಸಾದಂತೆ ಹಮಾಲಿಗಳು ದುಡಿಯುವ ಮಾರುಕಟ್ಟೆಯೇ ಚಿಕ್ಕದಾಗುತ್ತಾ ಬಂದರೆ, ಅಂದರೆ ಮೈಟೊಕಾಂಡ್ರಿಯಗಳೇ ಕಮ್ಮಿಯಾಗಿ ಇದ್ದವೂ ಸೊರಗಿದರೆ, ಬರೀ ಹಮಾಲಿಗಳನ್ನು ಸೇರಿಸಿ ಏನು ಮಾಡೋದು?

ಅಮ್ಮನ ಅಟೊರ್ವಾಸ್ಟಾಟಿನ್ ಥರದ ಕೊಲೆಸ್ಟರಾಲ್ ಇಳಿಸುವ ಮಾತ್ರೆ, ಅಂದರೆ ಸ್ಟ್ಯಾಟಿನ್ ತಗೊಳ್ಳುವವರಿಗೆ ಇದನ್ನು ಮಾರುವುದಕ್ಕೆ ಒಂದು ಕಾರಣವಂತೂ ಇದೆ. ದೇಹ ಕೊಲೆಸ್ಟರಾಲ್ ತಯಾರಿಸುವ ದಾರಿಯಲ್ಲೇ ಕೋಕ್ಯೂ-10 ಕೂಡ ತಯಾರಾಗುತ್ತದೆ. ಸ್ಟ್ಯಾಟಿನ್ ಆ ದಾರಿಯನ್ನು ಶುರುವಿನಲ್ಲೇ ಕಟ್ಟುತ್ತದೆ, ರಕ್ತದಲ್ಲಿ ಎರಡೂ ಇಳಿಯುತ್ತವೆ. ಇಷ್ಟು ನಿಜ. ಆದರೆ ಕೋಕ್ಯೂ-10 ಕೊಟ್ಟರೆ ಕಾಲು ನೋವು ಹೋಗುತ್ತದಾ? ಕೆಲವು ಪ್ರಯೋಗಗಳಲ್ಲಿ ಕಡಿಮೆಯಾಗಿದೆ, ಇನ್ನು ಕೆಲವು ಪ್ರಯೋಗಗಳಲ್ಲಿ ಔಷಧವೇ ಇಲ್ಲದ ಸುಮ್ಮನೆ ಮಾತ್ರೆಗೂ ಇದಕ್ಕೂ ವ್ಯತ್ಯಾಸ ಕಂಡಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2020ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಮುಖ್ಯ ಅನ್ನಿಸಿತು. ತೊಂದರೆ ಆಗುತ್ತದೆ ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಸುಮ್ಮನೆ ಮಾತ್ರೆ, ಕೆಲವು ತಿಂಗಳು ಖಾಲಿ ಬಾಟಲಿ ಕೊಟ್ಟು ನೋಡಿದರು. ಸ್ಟ್ಯಾಟಿನ್ ತಿಂಗಳಲ್ಲಿ ಕಂಡ ತೊಂದರೆಯಲ್ಲಿ ಶೇ. 90ರಷ್ಟು ಸುಮ್ಮನೆ ಮಾತ್ರೆಯಲ್ಲೂ ಕಂಡಿತು. ನೋವು ಸುಳ್ಳು ಅಂತ ಇದರ ಅರ್ಥ ಅಲ್ಲ, ನೋವು ಇದ್ದೇ ಇತ್ತು. ಕಾರಣ ಬಹುಪಾಲು ಆ ಔಷಧ ಅಲ್ಲ, ಅಷ್ಟೇ. ದಯವಿಟ್ಟು ಯಾರೂ ಕಾಲು ನೋವು ಅಂತ ಸ್ಟ್ಯಾಟಿನ್ ಅನ್ನು ತಾವೇ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಮಾತಾಡಿ.

ನನಗೆ ಸಿಟ್ಟು ಬಂದಿದ್ದು ಮುಪ್ಪಿನ ವಿಷಯದಲ್ಲಿ. ಸ್ಟ್ರಿಪ್ ಜೊತೆ ಕೊಟ್ಟ ಚೀಟಿಯಲ್ಲಿ ಆಂಟಿಆಕ್ಸಿಡೆಂಟ್ ಶಕ್ತಿಯಿಂದ ವಯಸ್ಸನ್ನು ಹಿಂದಕ್ಕೆ ತಿರುಗಿಸಿ ಅನ್ನುವ ಥರದ ಮಾತು ಇದೆ. ಈ ಯೋಚನೆ ಹಳೆಯದು. ಡೆನ್ಹಮ್ ಹಾರ್ಮನ್ ಅನ್ನುವ ಅಮೆರಿಕದ ವಿಜ್ಞಾನಿ 1956ರಲ್ಲಿ ಫ್ರೀ ರಾಡಿಕಲ್‌ಗಳಿಂದ, ಅಂದರೆ ಜೀವಕೋಶಕ್ಕೆ ಹಾನಿ ಮಾಡುವ ಚುರುಕು ಕಣಗಳಿಂದ ಮುಪ್ಪು ಬರುತ್ತದೆ ಅಂದರು, 1972ರಲ್ಲಿ ಅದರ ಮೂಲ ಮೈಟೊಕಾಂಡ್ರಿಯ ಅಂದರು. ಕೇಳೋಕೆ ಸರಿಯಾಗೇ ಇದೆ. ಆದರೆ 2009ರಲ್ಲಿ ಜರ್ಮನಿಯಲ್ಲಿ ಮಿಖಾಯೆಲ್ ರಿಸ್ಟೋ ತಂಡ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಅರ್ಧ ಜನರಿಗೆ ಫ್ರೀ ರಾಡಿಕಲ್‌ಗಳನ್ನು ಅಳಿಸುವ ಆಂಟಿಆಕ್ಸಿಡೆಂಟ್‌ಗಳಾದ ವಿಟಮಿನ್ ಸಿ ದಿನಾ 1000 ಮಿಲಿಗ್ರಾಂ, ವಿಟಮಿನ್ ಇ 400 ಯೂನಿಟ್ (ಐಯು) ಕೊಟ್ಟಿತು. ವಿಟಮಿನ್ ತಗೊಳ್ಳದವರ ದೇಹ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸತೊಡಗಿತು, ತಗೊಂಡವರಿಗೆ ಆ ಲಾಭವೇ ಸಿಗಲಿಲ್ಲ. ವ್ಯಾಯಾಮದ ಹೊತ್ತಲ್ಲಿ ಹುಟ್ಟುವ ಒಂದಿಷ್ಟು ಫ್ರೀ ರಾಡಿಕಲ್‌ಗಳೇ ಮಾಂಸಖಂಡಕ್ಕೆ 'ಗಟ್ಟಿಯಾಗು' ಅನ್ನುವ ಸೂಚನೆ. ಅದನ್ನೇ ಅಳಿಸಿದರೆ ಹೇಗೆ? ಈ ಸ್ಟ್ರಿಪ್‌ನಲ್ಲಿ ಆ ವಿಟಮಿನ್‌ಗಳ ಪ್ರಮಾಣ ಅಷ್ಟಿಲ್ಲ, ನಿಜ. ಆದರೂ ಸುಮ್ನೆ ತುಂಬಿ ಬೆಲೆ ಏರಿಸುವುದು ನನಗೆ ಇಷ್ಟವಾಗಲಿಲ್ಲ.

ಶುಗರ್‌ಗೂ ಮೈಟೊಕಾಂಡ್ರಿಯಕ್ಕೂ ಇರುವ ಸಂಬಂಧವನ್ನು ಮಾತ್ರ ಹಗುರವಾಗಿ ನೋಡಬೇಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2003ರಲ್ಲಿ ಬೊಜ್ಜಿಲ್ಲದ, ಆರೋಗ್ಯವಂತ ವೃದ್ಧರ ಮಾಂಸಖಂಡ ಪರೀಕ್ಷಿಸಿದಾಗ, ಅದೇ ಮೈಕಟ್ಟಿನ ಯುವಕರಿಗಿಂತ ಮೈಟೊಕಾಂಡ್ರಿಯದ ಕೆಲಸ ಸುಮಾರು ಶೇ. 40 ಕಡಿಮೆ ಇತ್ತು. ಮಾಂಸಖಂಡದ ಒಳಗೆ, ಲಿವರ್ ಒಳಗೆ ಕೊಬ್ಬು ಸೇರಿತ್ತು, ಮಾಂಸಖಂಡ ಇನ್ಸುಲಿನ್‌ನ ಮಾತು ಕೇಳುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ "ಇಷ್ಟು ಸಣ್ಣ ಇದ್ದರೂ ಶುಗರ್ ಯಾಕೆ ಬಂತು" ಅಂತ ಕೇಳುತ್ತಾರಲ್ಲ, ಅದಕ್ಕೆ ಉತ್ತರದ ಒಂದು ತುಂಡು ಇಲ್ಲಿದೆ ಅನ್ನಿಸುತ್ತದೆ.

ಸೊರಗಿದ್ದನ್ನು ಮತ್ತೆ ಬೆಳೆಸಬಹುದು. 1967ರಲ್ಲಿ ಅಮೆರಿಕದ ಸಂಶೋಧಕ ಜಾನ್ ಹೊಲೋಸ್ಜಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ, ಅವುಗಳ ಮಾಂಸಖಂಡದ ಮೈಟೊಕಾಂಡ್ರಿಯದ ಸಾಮರ್ಥ್ಯ ಎರಡು ಪಟ್ಟಾಗಿದ್ದನ್ನು ತೋರಿಸಿದರು. ಮನುಷ್ಯರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಡಾ. ಶ್ರೀಕುಮಾರನ್ ನಾಯರ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ನಾಲ್ಕು ನಿಮಿಷ ಜೋರಾಗಿ ಸೈಕಲ್ ತುಳಿಯುವುದು, ಸ್ವಲ್ಪ ನಿಧಾನ, ಮತ್ತೆ ಜೋರು, ಹೀಗೆ ಹನ್ನೆರಡು ವಾರ. ಯುವಕರಲ್ಲಿ ಮೈಟೊಕಾಂಡ್ರಿಯದ ಸಾಮರ್ಥ್ಯ ಶೇ. 49 ಏರಿತು, 65 ದಾಟಿದವರಲ್ಲಿ ಶೇ. 69. ವಯಸ್ಸಾದವರಿಗೇ ಜಾಸ್ತಿ! ಇದನ್ನು ಓದಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಅಮ್ಮನ ಅನುಭವ ಕೇಳಿದರೆ, ಕ್ಯಾಪ್ಸೂಲ್‌ನಿಂದ ಹೊಟ್ಟೆ ಕೆಡಲಿಲ್ಲ, ನಿದ್ದೆ ಕೆಡಲಿಲ್ಲ. ಶುಗರ್ ಹಾಗೇ ಇದೆ. ಕಾಲು ಹಿಡಿಯುವುದು ಸ್ವಲ್ಪ ಕಮ್ಮಿಯಾಗಿದೆ. ಆದರೆ ಡಾಕ್ಟರನ್ನು ಕೇಳಿಕೊಂಡು ಅದೇ ಹೊತ್ತಿಗೆ ಸಂಜೆ ವಾಕಿಂಗ್ ಕೂಡ ಶುರು ಮಾಡಿಸಿದ್ದೆವು. ಈಗ ನಡುವೆ ನಡುವೆ ಬೇಗ ಬೇಗ ಹೆಜ್ಜೆ ಹಾಕುತ್ತಾರೆ, ಬಟ್ಟೆ ಬಕೆಟ್ ಹಿಡಿದು ಟೆರೇಸಿಗೆ ನಿಲ್ಲದೆ ಹತ್ತುತ್ತಾರೆ. "ಏನೇ, ಮಾತ್ರೆ ಮುಗಿದರೂ ವಾಕಿಂಗ್ ಬಿಡಲ್ಲ ನಾನು" ಅಂದರು. ಸ್ಟ್ರಿಪ್ ಮತ್ತೆ ತರಲಿಲ್ಲ.

ಐದಕ್ಕೆ ಎರಡೂವರೆ ಕೊಡುತ್ತೇನೆ. ಹೃದಯ ದುರ್ಬಲವಾದವರ ಕಥೆ ಬೇರೆ. 2014ರ ಕ್ಯೂ-ಸಿಂಬಿಯೊ ಪ್ರಯೋಗದಲ್ಲಿ 420 ಹಾರ್ಟ್ ಫೇಲ್ಯೂರ್ ರೋಗಿಗಳಲ್ಲಿ ಕೆಲವರಿಗೆ ಮಾಮೂಲಿ ಔಷಧದ ಜೊತೆ ದಿನಾ 300 ಮಿಲಿಗ್ರಾಂ ಕೋಕ್ಯೂ-10 ಕೊಟ್ಟರು, ಎರಡು ವರ್ಷದಲ್ಲಿ ಗಂಭೀರ ಹೃದಯ ತೊಂದರೆ ಅವರಲ್ಲಿ ಶೇ. 15, ಉಳಿದವರಲ್ಲಿ ಶೇ. 26. ಅಂಥವರು ತಮ್ಮ ಕಾರ್ಡಿಯಾಲಜಿಸ್ಟ್ ಹೇಳಿದರೆ ತಗೊಳ್ಳಲಿ, ಬರೀ ಕೋಕ್ಯೂ-10 ಇರುವುದನ್ನು ಕೇಳಿ ತಗೊಳ್ಳಲಿ, ಇಂಥ ಮಿಕ್ಸ್ ಬೇಡ. ಪಾರ್ಕಿನ್ಸನ್ ಇರುವವರ ಮನೆಯವರು ಆಸೆಯಿಂದ ಕೊಳ್ಳಬೇಡಿ, 600 ಜನರ ಮೇಲೆ ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿ, ಉಪಯೋಗ ಕಾಣದೆ ಪ್ರಯೋಗವನ್ನೇ ನಿಲ್ಲಿಸಿದ್ದಾರೆ. ಇನ್ನೊಂದು ಮುಖ್ಯ ವಿಷಯ, ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಇದನ್ನು ಮುಟ್ಟಲೇಬೇಡಿ. ಕೋಕ್ಯೂ-10ರ ರಚನೆ ವಿಟಮಿನ್ ಕೆ ಥರ ಇದೆ, ವಾರ್ಫರಿನ್ ಕೆಲಸವನ್ನು ಕುಗ್ಗಿಸಬಹುದು. ನನಗೆ ಕೊಟ್ಟ ಅಂಗಡಿಯವರು ಅಮ್ಮ ಬೇರೆ ಏನು ಮಾತ್ರೆ ತಗೊಳ್ಳುತ್ತಾರೆ ಅಂತ ಒಂದು ಮಾತೂ ಕೇಳಿರಲಿಲ್ಲ.