ಸೇಂಟ್ ಅಗಸ್ಟೀನ್‌ನ ಹಳೇ ಮರದ ಮನೆಗೆ ಹರಿಕೇನ್ ಶಟರ್: ಆರು ವರ್ಷದ ಬಳಕೆಯ ನಂತರ

ಮನೆ ಫ್ಲೋರಿಡಾದ ಸೇಂಟ್ ಅಗಸ್ಟೀನ್‌ನ ಚಾರಿತ್ರಿಕ ವಲಯದಲ್ಲಿದೆ: 1920ರ ದಶಕದ ಎರಡಂತಸ್ತಿನ ಮರದ ಕಟ್ಟಡ, 19 ಕಿಟಕಿ. ಚಂಡಮಾರುತದಲ್ಲಿ ಹಾರಿ ಬರುವ ವಸ್ತುಗಳಿಂದ ಕಿಟಕಿಯ ಗಾಜು ಕಾಯುವ ಶಟರ್ ಹಾಕಿಸಿದ್ದು 2019ರಲ್ಲಿ. ಆಮೇಲೆ ಡೋರಿಯನ್, ಇಯಾನ್, ನಿಕೋಲ್, ಮಿಲ್ಟನ್ ಚಂಡಮಾರುತಗಳಿಗೆ ಹೀಗೆ ನಾಲ್ಕು ಸಲ ಮುಚ್ಚಿ ತೆಗೆದಾಗಿದೆ. ಯಾವುದರ ಕಣ್ಣೂ ಈ ಊರಿನ ಮೇಲೆ ಹಾಯಲಿಲ್ಲ. ಆದ್ದರಿಂದ ಹೊಡೆತ ತಡೆಯುವ ತಾಕತ್ತಿಗೆ ಈ ವಿಮರ್ಶೆ ಸಾಕ್ಷಿಯಲ್ಲ, ಅದಕ್ಕೆ ಪರೀಕ್ಷೆಯ ಕಾಗದವೇ ಆಧಾರ. 9 ಪೌಂಡ್ ತೂಕದ ಮರದ ತುಂಡನ್ನು ಸೆಕೆಂಡಿಗೆ 50 ಅಡಿ ವೇಗದಲ್ಲಿ ಶಟರ್‌ಗೆ ಗುಂಡಿನ ಹಾಗೆ ಹೊಡೆಯುತ್ತಾರೆ. ಅದಾದ ಮೇಲೆ ಅದೇ ಶಟರನ್ನು ಒಳಕ್ಕೂ ಹೊರಕ್ಕೂ ಮತ್ತೆ ಮತ್ತೆ ಒತ್ತುತ್ತಾರೆ. ಇದರಲ್ಲಿ ಪಾಸಾದ ಮಾಲಿಗೆ ಫ್ಲೋರಿಡಾ ಪ್ರಾಡಕ್ಟ್ ಅಪ್ರೂವಲ್‌ನ ಎಫ್‌ಎಲ್ ಸಂಖ್ಯೆಯೋ ಮಯಾಮಿ-ಡೇಡ್ ಕೌಂಟಿಯ ಎನ್‌ಒಎ ಎಂಬ ಒಪ್ಪಿಗೆ ಪತ್ರವೋ ಇರುತ್ತದೆ. ಎರಡೂ ಇಲ್ಲದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಒಂದೇ ಬಗೆಯ ಶಟರ್ ಇಡೀ ಮನೆಗೆ ಹೊಂದಲಿಲ್ಲ. ಬೀದಿಗೆ ಕಾಣುವ 6 ಕಿಟಕಿಗೆ ಪಾರದರ್ಶಕ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಹಾಳೆ, ಹಿಂಬದಿಯ 9ಕ್ಕೆ 0.050 ಇಂಚಿನ ಅಲ್ಯುಮಿನಿಯಂ ತಗಡು, ಏಣಿ ಇಡಲು ಜಾಗವಿಲ್ಲದ ಪಕ್ಕದ ಮಹಡಿಯ 4ಕ್ಕೆ ಹಳಿಯ ಮೇಲೆ ಮಡಚಿ ಸರಿಯುವ ಅಕಾರ್ಡಿಯನ್ ಶಟರ್. ಮುಂದುಗಡೆ ಹಳೆಯ ಮರದ ಶಟರ್‌ಗಳು ಹಾಗೇ ಇವೆ. ಹಾರಿ ಬರುವ ತೊಲೆಗೆ ಅವು ಎದುರು ನಿಲ್ಲುವುದಿಲ್ಲ, ಅಂದಕ್ಕಷ್ಟೇ. ಹೊರಗೆ ಕಾಣುವ ಬದಲಾವಣೆಗೆ ಊರಿನ ವಾಸ್ತು ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು, ಅದರ ಮೇಲೆ ಕಟ್ಟಡದ ಪರ್ಮಿಟ್ ಬೇರೆ. ವರ್ಷವಿಡೀ ಕಣ್ಣಿಗೆ ಬೀಳುವ ಹಳಿ, ಪೆಟ್ಟಿಗೆಗಳಿಗೆ ಒಪ್ಪಿಗೆ ಸಿಗುವುದು ಕಷ್ಟ. ಬಿಚ್ಚಿ ಒಳಗಿಡುವ ಹಾಳೆಗೆ ಆ ತಕರಾರಿಲ್ಲ. ಹಾಳೆ ಬಿಗಿಯಲು ಗೋಡೆಯೊಳಗೆ ಸಮವಾಗಿ ಕೂರುವ ಸ್ಟೇನ್‌ಲೆಸ್ ಸಾಕೆಟ್ ಹಾಕಿ, ಉಳಿದ ದಿನ ಅದರ ಬಾಯಿಗೆ ಗೋಡೆಯದೇ ಬಣ್ಣ ಬಳಿದ ಚಪ್ಪಟೆ ಸ್ಕ್ರೂ ತಿರುಗಿಸಿಟ್ಟರೆ ಹತ್ತು ಅಡಿ ದೂರದಿಂದ ಏನೂ ಕಾಣದು.

ಎಲ್ಲರೂ ತಗಡಿನ ದಪ್ಪ ಕೇಳುತ್ತಾರೆ. ಅದು ಕಚ್ಚಿಕೊಳ್ಳುವ ಜಾಗದಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ. ಹಳೇ ಮನೆಯಲ್ಲಿ ಪೆಟ್ಟು ಬೀಳುವುದು ಅಲ್ಲೇ. ಆ ಕಾಲದ ಮೇಲೆ-ಕೆಳಗೆ ಸರಿಯುವ ಕಿಟಕಿಗಳ ಎರಡೂ ಪಕ್ಕ, ಗೋಡೆಯೊಳಗೆ ಒಂದು ಟೊಳ್ಳು ಇರುತ್ತದೆ. ಕಿಟಕಿಯ ತೂಕ ಸರಿದೂಗಿಸುವ ಎರಕದ ಕಬ್ಬಿಣದ ಗುಂಡು ಹಗ್ಗಕ್ಕೆ ಜೋತುಬಿದ್ದು ಅದರೊಳಗೇ ಏರಿಳಿಯುತ್ತದೆ. ಇಲ್ಲಿ ಮೊದಲು ಬಂದ ತಂಡ ಹೊಸ ಮನೆಯ ಲೆಕ್ಕದಲ್ಲಿ ಕಿಟಕಿಯ ಅಂಚಿನಿಂದ ಒಂದೂವರೆ ಇಂಚು ಬಿಟ್ಟು ಸ್ಕ್ರೂ ಹೊಡೆಯಿತು. ಕಿಟಕಿಯ ಸುತ್ತ ಇರುವ ಹೊರಗಿನ ಮರದ ಪಟ್ಟಿ ದಾಟಿದ ಸ್ಕ್ರೂ ಹೋಗಿ ನಿಂತದ್ದು ಗಾಳಿಯಲ್ಲಿ. ಕೈಯಿಂದ ಜಗ್ಗಿದರೆ ಪಟ್ಟಿಯ ಸಮೇತ ಅಲುಗಾಡಿತು. ಎರಡು ಕಿಟಕಿಯಲ್ಲಿ ಗುಂಡು ಸ್ಕ್ರೂ ತುದಿಗೆ ಸಿಕ್ಕಿಹಾಕಿಕೊಂಡು ಕಿಟಕಿ ಅರ್ಧಕ್ಕೇ ನಿಂತಿತು.

ಸರಿಯಾದ ದಾರಿ ಹೀಗೆ. ಒಳಗಿನಿಂದ ನೋಡಿದರೆ ಚೌಕಟ್ಟಿನ ಬುಡದ ಹತ್ತಿರ ಸಣ್ಣ ಮುಚ್ಚಳವಿರುತ್ತದೆ, ಎಷ್ಟೋ ಸಲ ಬಣ್ಣದಡಿ ಮುಚ್ಚಿಹೋಗಿರುತ್ತದೆ. ಅದನ್ನು ಬಿಚ್ಚಿ, ಉಕ್ಕಿನ ಅಳತೆಪಟ್ಟಿ ತೂರಿಸಿ ಟೊಳ್ಳಿನ ಅಗಲ ಅಳೆಯಿರಿ. ಇಲ್ಲಿ ಕಿಟಕಿಯ ಅಂಚಿನಿಂದ 3 ಇಂಚಿನವರೆಗೆ ಏನೂ ಇಲ್ಲ, ಅಲ್ಲಿಂದಾಚೆಗೆ ಗೋಡೆಯ ನಿಜವಾದ ಕಂಬ. ಹೊರಗಿನ ಪಟ್ಟಿಯ ಅಗಲ ನಾಲ್ಕೂವರೆ ಇಂಚು. ಆದ್ದರಿಂದ ಪಟ್ಟಿಯ ಹೊರಅಂಚಿನಿಂದ ಮುಕ್ಕಾಲು ಇಂಚು ಒಳಗೆ ಕೊರೆದರೆ ಕಂಬದ ನಡುವಿಗೇ ಬೀಳುತ್ತದೆ. ಉದ್ದದ ಲೆಕ್ಕ: ಪಟ್ಟಿ 1⅛, ಅದರ ಹಿಂದಿನ ಗೋಡೆಯ ಹಲಗೆ ¾, ಕಂಬದೊಳಗೆ ಕನಿಷ್ಠ 1½. ಅಂದರೆ ಮೂರೂವರೆ ಇಂಚಿನ, ಕಾಲಿಂಚು ದಪ್ಪದ ಲ್ಯಾಗ್ ಸ್ಕ್ರೂ. ನಿಮ್ಮ ಮಾಲಿನ ಅಪ್ರೂವಲ್ ಹಾಳೆ ಹೆಚ್ಚು ಆಳ ಕೇಳಿದರೆ ಅದೇ ಅಂತಿಮ. ಕಂಬ ಹಾರ್ಟ್ ಪೈನ್ (ಪೈನ್ ಮರದ ತಿರುಳು) ಮರದ್ದಾದರೆ ನೂರು ವರ್ಷಕ್ಕೆ ಕಲ್ಲಿನಂತಾಗಿರುತ್ತದೆ. 3/16 ಇಂಚಿನ ತೂತು ಮೊದಲೇ ಕೊರೆದು, ಸ್ಕ್ರೂವಿನ ಸುರುಳಿ ಗೆರೆಗಳಿಗೆ ಮೇಣ ಸವರಿ, ಕೊನೆಯ ನಾಲ್ಕು ಸುತ್ತು ಕೈಯಿಂದ ತಿರುಗಿಸಿ. ಇಂಪ್ಯಾಕ್ಟ್ ಡ್ರಿಲ್‌ನಲ್ಲಿ ಒತ್ತಿದರೆ ಸ್ಟೇನ್‌ಲೆಸ್ ಸ್ಕ್ರೂವಿನ ತಲೆ ಟಕ್ಕನೆ ಮುರಿದು ಕೈಗೆ ಬರುತ್ತದೆ, ದೇಹ ಒಳಗೇ ಉಳಿಯುತ್ತದೆ.

ಈ ಊರಿನ ಕೊಕಿನಾ ಗೋಡೆಗಳಿಗೆ ಇದಾವುದೂ ನಡೆಯದು. ಸಮುದ್ರದ ಚಿಪ್ಪುಗಳು ಒಂದಕ್ಕೊಂದು ಅಂಟಿ ಆದ ಕಲ್ಲು ಅದು, ಇಲ್ಲಿನ ಕೋಟೆ ಕಟ್ಟಿದ್ದೂ ಅದರಲ್ಲೇ. ಕಾಂಕ್ರೀಟಿಗೆ ಹೊಡೆಯುವ ನೀಲಿ ಸ್ಕ್ರೂ ಅಲ್ಲಿ ತಿರುಗಿಸುತ್ತಿದ್ದಂತೆ ಪುಡಿ ಉದುರುತ್ತದೆ. ಸುಣ್ಣದ ಗಾರೆಯ ಹಳೇ ಇಟ್ಟಿಗೆಯದೂ ಹೆಚ್ಚುಕಡಿಮೆ ಇದೇ ಪಾಡು. ಜಾಲರಿ ಕೊಳವೆಯಲ್ಲಿ ಎಪಾಕ್ಸಿ ಅಂಟು ತುಂಬಿ ಸ್ಟೇನ್‌ಲೆಸ್ ಸರಳು ಕೂರಿಸುವ ದಾರಿ ಇದೆ, ಆದರೆ ಅದು ಇಂಜಿನಿಯರ್ ಸಹಿ ಇಲ್ಲದೆ ಮಾಡುವ ಕೆಲಸವಲ್ಲ.

ಇನ್ನು ಒಂದೊಂದರ ಬಾಳಿಕೆ. ಅಲ್ಯುಮಿನಿಯಂ ತಗಡಿಗೆ ಪೂರ್ತಿ ಅಂಕ. ಉಕ್ಕಿನದು ಅಗ್ಗ, ಆದರೆ ತೂಕ ಸುಮಾರು ಒಂದೂವರೆ ಪಟ್ಟು, ಕತ್ತರಿಸಿದ ಅಂಚಿನಲ್ಲಿ ತುಕ್ಕು. ಮೂರಡಿ ಕಿಟಕಿಗೆ ಇಲ್ಲಿ ನಾಲ್ಕು ತಗಡು ಹಿಡಿದಿವೆ, ಒಂದರ ಮೇಲೊಂದು ಅಂಚು ಕೂರಬೇಕಲ್ಲ. ಯಾವ ತಗಡು ಯಾವ ಕಿಟಕಿಗೆ ಎಂಬ ಗುರುತನ್ನು ಮಾರ್ಕರ್‌ನಲ್ಲಿ ಬರೆದರೆ ಎರಡನೇ ವರ್ಷಕ್ಕೆ ಮಾಯ. ಮೊಳೆಯಿಂದ ಕುಟ್ಟಿ "ಹಿಂ-3-2" (ಹಿಂಬದಿ, 3ನೇ ಕಿಟಕಿ, 2ನೇ ತಗಡು) ಅಂತ ಅಚ್ಚು ಹಾಕಿ. ಅಂಚು ಚಾಕುವಿನಷ್ಟು ಹರಿತ, ಚರ್ಮದ ಕೈಗವಸು ಬೇಕೇ ಬೇಕು. ಇಬ್ಬರು ಸೇರಿ ಹಿಂಬದಿಯ ಒಂಬತ್ತನ್ನೂ ಮುಚ್ಚಲು ಮೊದಲ ಸಲ ಮೂರು ಗಂಟೆ ಹಿಡಿಯಿತು, ಈಗ ಒಂದೂಮುಕ್ಕಾಲು.

ಪಾಲಿಕಾರ್ಬೊನೇಟ್‌ನ ದೊಡ್ಡ ಲಾಭ ಬೆಳಕು. ಕರೆಂಟ್ ಹೋದ ಮನೆಯಲ್ಲಿ ಹಗಲು ಹಗಲಾಗಿಯೇ ಇರುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ತಾಗಿಸಬೇಡಿ, ಸಾಬೂನು ನೀರು ಸಾಕು. ನೆರಳಲ್ಲಿಟ್ಟದ್ದು ಇನ್ನೂ ತಿಳಿಯಾಗಿದೆ, ಒಂದು ಬೇಸಿಗೆ ಬಿಸಿಲಿಗೆ ಒರಗಿಸಿಟ್ಟ ಒಂದೇ ಒಂದು ಹಾಳೆ ಮಾತ್ರ ಹಳದಿಗೆ ತಿರುಗಿದೆ. ಗಾಳಿಯ ಒತ್ತಡಕ್ಕೆ ಹಾಳೆ ಒಳಕ್ಕೆ ಬಾಗುತ್ತದೆ, ಹಾಗಾಗಿ ಗಾಜಿಗೂ ಅದಕ್ಕೂ ನಡುವೆ ಎಷ್ಟು ಅಂತರ ಬೇಕೆಂದು ಅಪ್ರೂವಲ್ ಹಾಳೆಯಲ್ಲಿರುತ್ತದೆ. ಹಳೇ ಕಿಟಕಿಯ ಮೇಲಿನ ಅರ್ಧ ಹೊರಗೇ ಇರುವುದರಿಂದ ಅಂತರ ಸಾಲದೆ ಎರಡು ಕಡೆ ಹೆಚ್ಚುವರಿ ಮರದ ಪಟ್ಟಿ ಕೊಡಬೇಕಾಯಿತು.

ಅಕಾರ್ಡಿಯನ್ ಬೆಲೆ ತಗಡಿನ ಎರಡರಷ್ಟು ಬಿತ್ತು. ಮುಚ್ಚುವುದು ಎರಡು ನಿಮಿಷದ ಕೆಲಸ, ನೋಡಿಕೊಳ್ಳುವುದೇ ಕಿರಿಕಿರಿ. ಕೆಳಹಳಿಯ ನೀರಿನ ತೂತುಗಳಲ್ಲಿ ಮರಳು ಕಟ್ಟುತ್ತದೆ. ಎಣ್ಣೆ ಹಾಕಿದರೆ ಮರಳು ಇನ್ನೂ ಅಂಟುತ್ತದೆ, ವರ್ಷಕ್ಕೆರಡು ಸಲ ಸಿಹಿನೀರಲ್ಲಿ ತೊಳೆದು ಒಣ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಮೂರನೇ ವರ್ಷಕ್ಕೆ ಹಳಿಯ ಸ್ಕ್ರೂಗಳ ಸುತ್ತ ಬಿಳಿ ಪುಡಿ ಎದ್ದಿತು: ಉಪ್ಪುಗಾಳಿಯಲ್ಲಿ ಸಾದಾ ಉಕ್ಕಿನ ಸ್ಕ್ರೂ ಮುಟ್ಟಿದ ಕಡೆಯೆಲ್ಲ ಅಲ್ಯುಮಿನಿಯಂ ಕರಗುತ್ತಿತ್ತು. 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ, ನೈಲಾನ್ ವಾಷರ್‌ಗೆ ಬದಲಿಸಿದ ಮೇಲೆ ನಿಂತಿತು. ಒಳಗಿನಿಂದಲೂ ತೆರೆಯುವ ಬೀಗ ಇರುವುದರಿಂದ ಬೆಂಕಿ ಬಿದ್ದರೆ ಹೊರಬೀಳಲು ಮಹಡಿಯಲ್ಲಿ ಇದೇ ದಾರಿ. ಹೊರಗಿನಿಂದ ಬೋಲ್ಟ್ ಬಿಗಿದ ಕೋಣೆಯಲ್ಲಿ ಮಲಗಬೇಡಿ.

ವಿಮೆಯ ರಿಯಾಯಿತಿ ನೆಚ್ಚಿಕೊಂಡವರಿಗೆ: ಗಾಜಿರುವ ಎಲ್ಲ ತೆರಪುಗಳೂ ಮುಚ್ಚಿರಬೇಕು. ಬಚ್ಚಲಿನ ಒಂದಡಿ ಕಿಟಕಿ ಬಿಟ್ಟದ್ದಕ್ಕೆ ಇಲ್ಲಿ ಮೊದಲ ತಪಾಸಣೆಯಲ್ಲಿ ರಿಯಾಯಿತಿ ಕೈತಪ್ಪಿತು. ತಪಾಸಣೆಗೆ ಬಂದವರು ಅಪ್ರೂವಲ್ ಸಂಖ್ಯೆಯ ಅಚ್ಚು ಇರುವ ಜಾಗದ ಫೋಟೊ ಕೇಳುತ್ತಾರೆ, ತಗಡು ಕೈಗೆ ಬಂದ ದಿನವೇ ತೆಗೆದಿಡಿ.

ಮತ್ತೆ ಕೊಳ್ಳುವುದಾದರೆ ತಗಡು, ಹಾಳೆ ಎರಡೂ ಕಣ್ಣುಮುಚ್ಚಿ. ಅಕಾರ್ಡಿಯನ್ ಏಣಿ ಇಡಲಾಗದ ಕಡೆ ಮಾತ್ರ. ಆರ್ಡರ್ ಜನವರಿಯಲ್ಲೇ ಕೊಡಿ, ಹರಿಕೇನ್ ಸೀಸನ್ ಶುರುವಾಗುವುದು ಜೂನ್ 1ಕ್ಕೆ. ಜೊತೆಗೆ ತಗಡು ಬಿಗಿಯುವ, ಕೈಯಿಂದಲೇ ತಿರುಗಿಸುವ ಐವತ್ತು ವಿಂಗ್ ನಟ್ ಹೆಚ್ಚುವರಿ ತರಿಸಿ. ಬಿಚ್ಚುವಾಗ ಹುಲ್ಲಿನಲ್ಲಿ ಬಿದ್ದ ನಟ್ ಮತ್ತೆ ಸಿಗುವುದು ಹುಲ್ಲು ಕತ್ತರಿಸುವ ಯಂತ್ರಕ್ಕೇ.