ಸಲಹೆ ಕೊಡುವ ಮುಂಚೆ ಜಮೀನು ನೋಡಲು ಕಲಿಸುವ ಕೋರ್ಸ್

ರೈತರಿಗೆ ಸಲಹೆ ಕೊಡುವುದು ನನ್ನ ಕೆಲಸ. ಕರೆದಾಗ ಹೋಗುತ್ತೇನೆ, ಎಲೆ ಮಗುಚಿ ನೋಡುತ್ತೇನೆ, ಮಣ್ಣು ಹಿಡಿದು ನೋಡುತ್ತೇನೆ, ಏನು ಮಾಡಬೇಕು ಅಂತ ಹೇಳಿ ಬರುತ್ತೇನೆ. ಪದವಿಯಲ್ಲಿ ಮಣ್ಣು, ಕೀಟ, ರೋಗ, ಮಾರುಕಟ್ಟೆ ಎಲ್ಲವನ್ನೂ ಬೇರೆ ಬೇರೆ ಪೇಪರ್ ಆಗಿ ಓದಿದ್ದೆವು. ಹೊಲದಲ್ಲಿ ಅವು ಹಾಗೆ ಬಿಡಿಬಿಡಿಯಾಗಿ ಎದುರಾಗುವುದಿಲ್ಲ. ಅದಕ್ಕೇ ಅಗ್ರೋಇಕಾಲಜಿ (ಜಮೀನನ್ನು ಒಂದು ಜೀವಜಾಲವಾಗಿ ಕಂಡು ಬೇಸಾಯ ಮಾಡುವ ವಿದ್ಯೆ) ಮತ್ತು ಸಿಸ್ಟಮ್ಸ್ ಥಿಂಕಿಂಗ್ (ಬಿಡಿ ಭಾಗಗಳ ಬದಲು ಅವುಗಳ ನಡುವಿನ ನಂಟು ನೋಡಿ ಯೋಚಿಸುವುದು) ಎರಡನ್ನೂ ಒಟ್ಟಿಗೆ ಕಲಿಸುವ ಒಂದು ಕೋರ್ಸಿಗೆ ಸೇರಿದೆ. ಪಾಠ ಆನ್‌ಲೈನ್, ಅಭ್ಯಾಸ ಹೊಲದಲ್ಲಿ. ಸೇರಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಯಾವ ಹುಳುವಿಗೆ ಯಾವ ಕಷಾಯ, ಎಕರೆಗೆ ಎಷ್ಟು ಗೊಬ್ಬರ ಅನ್ನುವ ಪಟ್ಟಿ ಇಲ್ಲಿ ಸಿಗುವುದಿಲ್ಲ. ಅದನ್ನು ಹುಡುಕಿಕೊಂಡು ಬಂದ ಕೆಲವರು ನಮ್ಮ ಬ್ಯಾಚಿನಲ್ಲಿ ಮಧ್ಯದಲ್ಲೇ ಬಿಟ್ಟರು. ಅವರಿಗೆ ಇದು ತಕ್ಕ ಕೋರ್ಸ್ ಅಲ್ಲ.

ಕೋರ್ಸಿನ ಜೀವ ಇರುವುದು ಮೊದಲ ಭಾಗದಲ್ಲಿ. ಪಾಠ ಶುರುವಾಗುವ ಮುಂಚೆಯೇ ಹೊಲಕ್ಕೆ ಕಳಿಸುತ್ತಾರೆ. ಒಂದು ಸಣ್ಣ ಗುಂಪಿಗೆ ಒಂದು ಕುಟುಂಬದ ಜಮೀನು. ಮೊದಲ ಭೇಟಿಯಲ್ಲಿ ಯಾರೂ ಸಲಹೆ ಕೊಡುವ ಹಾಗಿಲ್ಲ. ನೋಡಬೇಕು, ಕೇಳಬೇಕು, ಬರೆದುಕೊಳ್ಳಬೇಕು, ಅಷ್ಟೇ. ಸಲಹೆಯೇ ಕಸುಬಾಗಿರುವ ನನ್ನಂಥವರಿಗೆ ಬಾಯಿ ಕಟ್ಟಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ಅಲ್ಲೇ ಗೊತ್ತಾಗುವುದು.

ಆಮೇಲೆ ದೊಡ್ಡ ಹಾಳೆ ಹರಡಿ, ನೋಡಿದ್ದು ಕೇಳಿದ್ದು ಎಲ್ಲವನ್ನೂ ಚಿತ್ರ ಬಿಡಿಸಬೇಕು. ಇದಕ್ಕೆ ರಿಚ್ ಪಿಕ್ಚರ್ ಅನ್ನುತ್ತಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಚೆಕ್‌ಲ್ಯಾಂಡ್ ಮತ್ತು ಅವರ ಜೊತೆಗಾರರು ಬೆಳೆಸಿದ ವಿಧಾನದಿಂದ ಬಂದದ್ದು. ಸಮಸ್ಯೆ ಯಾವುದು ಅನ್ನುವುದರಲ್ಲೇ ಜನಕ್ಕೆ ಒಮ್ಮತ ಇಲ್ಲದ ಕಡೆ ಬಳಸುವುದಕ್ಕೆ ಅಂತಲೇ ಆದ ವಿಧಾನ ಇದು. ಬೇಸಾಯದಲ್ಲಿ ಅಂಥ ಸಂದರ್ಭಗಳೇ ಜಾಸ್ತಿ ಅಲ್ವಾ?

ನಮ್ಮ ಗುಂಪಿಗೆ ಸಿಕ್ಕ ಜಮೀನಿನ ಯಜಮಾನರು ಹೇಳಿದ್ದು ಒಂದೇ ಮಾತು: ಮಣ್ಣು ನೀರು ಹಿಡಿಯುತ್ತಿಲ್ಲ, ಎಷ್ಟು ಬಿಟ್ಟರೂ ಸಾಲುತ್ತಿಲ್ಲ. ನಾವು ಹಾಳೆಯಲ್ಲಿ ಹೊಲ ಬಿಡಿಸಿದೆವು, ಬಾವಿ, ಪಂಪು, ಕೊಟ್ಟಿಗೆ, ಗೊಬ್ಬರದ ಗುಂಡಿ ಬಿಡಿಸಿದೆವು. ಗುಂಡಿ ಹೆಚ್ಚುಕಡಿಮೆ ಖಾಲಿ ಇತ್ತು. ಹಸುಗಳನ್ನು ಮಾರಿಬಿಟ್ಟಿದ್ದರು. ಅಲ್ಲಿಗೆ ಒಂದು ಸರಪಳಿ ಕಾಣಿಸಿತು. ಹಸು ಹೋಯಿತು, ಸಗಣಿ ಹೋಯಿತು, ಮಣ್ಣಿಗೆ ಬೀಳುವ ಕೊಟ್ಟಿಗೆ ಗೊಬ್ಬರ ನಿಂತಿತು, ಸಾವಯವ ಅಂಶ ಇಳಿಯಿತು, ಮಣ್ಣು ಗಟ್ಟಿಯಾಗಿ ನೀರು ಇಂಗುವುದು ಕಡಿಮೆಯಾಯಿತು. ಇಷ್ಟನ್ನು ಯಾವ ಕೃಷಿ ಪದವೀಧರನಾದರೂ ಹೇಳುತ್ತಾನೆ.

ಹಸು ಯಾಕೆ ಮಾರಿದಿರಿ ಅಂತ ಕೇಳಿದಾಗ ಯಜಮಾನರು ಮೇವಿನ ಖರ್ಚು ಅಂದರು. ಅಷ್ಟು ಹೊತ್ತು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ ಅವರ ಹೆಂಡತಿ ಮುಂದೆ ಬಂದರು. "ಪೆನ್ನು ಕೊಡಿ ಇಲ್ಲಿ" ಅಂತ ಇಸ್ಕೊಂಡು, ಹಾಳೆಯಲ್ಲಿ ಕೊಟ್ಟಿಗೆ ಪಕ್ಕ ಒಬ್ಬ ಹೆಂಗಸನ್ನು ಬರೆದರು. ಮೇವು ಕೊಯ್ಯುವುದು, ಹಾಲು ಕರೆಯುವುದು, ಸಗಣಿ ಬಾಚುವುದು, ಕಳೆ ಕೀಳುವುದು, ಮನೆಯಲ್ಲಿ ಅತ್ತೆಯ ಆರೈಕೆ, ಎಲ್ಲ ಕಡೆಯಿಂದಲೂ ಆ ಒಂದು ಚಿತ್ರಕ್ಕೇ ಗೆರೆ ಎಳೆದರು. ಕೊನೆಗೆ ಅದರ ಮೊಣಕಾಲಿಗೆ ಒಂದು ಸುತ್ತು ಹಾಕಿದರು. ಮೊಣಕಾಲು ನೋವು ಬಂದು ಕೂತು ಹಾಲು ಕರೆಯಲು ಆಗದೆ ಹೋಯಿತು. ಹಸು ಮಾರಿದ್ದು ಅದಾದ ಮೇಲೆ.

ಈಗ ಯೋಚಿಸಿ. ಇಲ್ಲಿಗೆ ಹೋಗಿ "ಹಸಿರೆಲೆ ಗೊಬ್ಬರ ಹಾಕಿ, ಹೊದಿಕೆ ಮಾಡಿ, ಎರೆಗೊಬ್ಬರದ ತೊಟ್ಟಿ ಕಟ್ಟಿ" ಅಂದರೆ ಒಂದೊಂದೂ ಸರಿಯಾದ ಸಲಹೆಯೇ. ಆದರೆ ಪ್ರತಿಯೊಂದರ ಕೆಲಸವೂ ಹೋಗಿ ಬೀಳುವುದು ಆ ಹೆಂಗಸಿನ ಮೇಲೇ. ನಾವು ಕೊನೆಗೆ ಸೂಚಿಸಿದ ಬದಲಾವಣೆಗಳನ್ನು ಮೊದಲು ಅವರ ಮುಂದೆ ಇಟ್ಟೆವು, ಯಾವುದು ಆಗುತ್ತೆ ಯಾವುದು ಆಗಲ್ಲ ಅಂತ ಅವರೇ ಆರಿಸಿದರು. ಹೊಲದ ಬದುವಿನಲ್ಲಿ ಗೊಬ್ಬರದ ಗಿಡ ಬೆಳೆಸಿ, ಸವರಿದ ಸೊಪ್ಪನ್ನು ಅಲ್ಲೇ ಸಾಲುಗಳ ಮಧ್ಯೆ ಹರಡುವುದು ಉಳಿಯಿತು. ಹೊತ್ತು ತರುವ ಕೆಲಸ ಇಲ್ಲದ್ದು ಅಂತ ಅದಕ್ಕೆ ಒಪ್ಪಿದರು.

ಇದೊಂದಕ್ಕಾಗಿಯೇ ನಾನು ಕೋರ್ಸಿಗೆ ಪೂರ್ತಿ ಅಂಕ ಕೊಡಲು ತಯಾರಿದ್ದೆ.

ಪಾಠಗಳು ಒಂದೇ ಮಟ್ಟದಲ್ಲಿಲ್ಲ. ಇತಿಹಾಸದ ಪಾಠ ನೀರಸ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಹೇಳುವ ಅಗ್ರೋಇಕಾಲಜಿಯ 10 ಅಂಶಗಳನ್ನು ಸುಮ್ನೆ ಓದಿಕೊಂಡು ಹೋದರು. ಚೆನ್ನಾಗಿದ್ದದ್ದು ಇಂಡೋನೇಷ್ಯಾದ ಭತ್ತದ ಪಾಠ. ಅಲ್ಲಿ 1970, 80ರ ದಶಕಗಳಲ್ಲಿ ಕಂದು ಜಿಗಿಹುಳುವಿಗೆ ಔಷಧಿ ಹೊಡೆದಷ್ಟೂ ಹುಳು ಹೆಚ್ಚಾಯಿತು. ಕಾರಣವನ್ನು ಬಾಣದ ಗುರುತುಗಳಲ್ಲಿ ಬಿಡಿಸಿ ತೋರಿಸಿದರು. ಜಿಗಿಹುಳು ಮೊಟ್ಟೆ ಇಡುವುದು ಎಲೆಯ ಕವಚದ ಒಳಗೆ, ಅಲ್ಲಿಗೆ ಔಷಧಿ ಸರಿಯಾಗಿ ಮುಟ್ಟುವುದಿಲ್ಲ. ಅದನ್ನು ತಿನ್ನುವ ಜೇಡಗಳು ಮಾತ್ರ ಹೊರಗಿದ್ದು ಸಾಯುತ್ತವೆ. ಮರಿ ಹೊರಬರುವಾಗ ತಡೆಯುವವರಿಲ್ಲ. ಹುಳು ಹೆಚ್ಚಿತು ಅಂತ ರೈತ ಮತ್ತೆ ಹೊಡೆಯುತ್ತಾನೆ, ಜೇಡ ಇನ್ನಷ್ಟು ಕಮ್ಮಿಯಾಗುತ್ತದೆ. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು, ಔಷಧಿಯ ಸಬ್ಸಿಡಿಯನ್ನೂ ಹಂತ ಹಂತವಾಗಿ ತೆಗೆಯಿತು. ಭತ್ತದ ಇಳುವರಿ ಕುಸಿಯಲಿಲ್ಲ. 1989ರಿಂದ ರೈತರೇ ಹೊಲದಲ್ಲಿ ಕೂತು ಹುಳು, ಜೇಡ ಎಣಿಸಿ ನಿರ್ಧಾರ ಮಾಡುವ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಫಲಿತಾಂಶವೇ ತಿರುಗಿ ಬಂದು ಕಾರಣವನ್ನು ಬದಲಿಸುವ ಫೀಡ್‌ಬ್ಯಾಕ್ ಲೂಪ್ ಅಂದರೆ ಏನು ಅಂತ ಇದಕ್ಕಿಂತ ಸ್ಪಷ್ಟವಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಮೆರಿಕದ ಅಗ್ರೋಇಕಾಲಜಿ ತಜ್ಞ ಸ್ಟೀಫನ್ ಗ್ಲೀಸ್‌ಮನ್ ಹೇಳುವ, ಬೇಸಾಯ ಮತ್ತು ಆಹಾರ ವ್ಯವಸ್ಥೆಯ ಬದಲಾವಣೆಯ 5 ಹಂತಗಳೂ ಕೆಲಸಕ್ಕೆ ಬಂದವು. ಮೊದಲನೆಯದು ಹೊರಗಿನಿಂದ ತರುವುದನ್ನು ಕಡಿಮೆ ಬಳಸುವುದು, ಎರಡನೆಯದು ರಾಸಾಯನಿಕದ ಜಾಗಕ್ಕೆ ಸಾವಯವ ತರುವುದು, ಮೂರನೆಯದು ಜಮೀನನ್ನೇ ಹೊಸದಾಗಿ ಯೋಜಿಸುವುದು, ನಾಲ್ಕನೆಯದು ಬೆಳೆದವರಿಗೂ ತಿನ್ನುವವರಿಗೂ ನೇರ ನಂಟು, ಐದನೆಯದು ಇಡೀ ಆಹಾರ ವ್ಯವಸ್ಥೆ ಬದಲಾಗುವುದು. ಸಾವಯವ ಅಂತ ಹೆಸರು ಪಡೆದ ಎಷ್ಟೋ ಜಮೀನುಗಳು ಎರಡನೆಯದರಲ್ಲೇ ನಿಂತಿವೆ ಅನ್ನುವುದು ನಾನು ಓಡಾಡಿದ ಕಡೆಯೆಲ್ಲ ಕಂಡ ಸಂಗತಿ.

ಕೊರತೆಗಳೂ ಇವೆ, ಸಣ್ಣವಲ್ಲ. ಮೂರನೆಯ ಹಂತದವರೆಗೆ ಕೈ ಹಿಡಿದು ನಡೆಸುವವರು ನಾಲ್ಕನೆಯದಕ್ಕೆ ಬರುವಾಗ ಓಡುತ್ತಾರೆ. ಸಾಲ, ಕೂಲಿ, ಬೆಲೆ ಬಿದ್ದ ವರ್ಷ ರೈತ ಏನು ಮಾಡಬೇಕು, ಇವಕ್ಕೆಲ್ಲ ಸಿಕ್ಕಿದ್ದು ಒಂದು ಗಡಿಬಿಡಿಯ ತರಗತಿ. ಜಮೀನಿನ ವಿನ್ಯಾಸ ಬದಲಿಸುವ ವರ್ಷಗಳಲ್ಲಿ ಆದಾಯ ಇಳಿದರೆ ಯಾರು ಹೊರಬೇಕು ಅಂತ ಒಬ್ಬರು ಕೇಳಿದರು. ಅದಕ್ಕೆ ಉತ್ತರ ಬರಲೇ ಇಲ್ಲ. ಕಾಗದದ ಮೇಲೆ ಜಮೀನು ಬದಲಿಸುವುದು ಕಲಿಸುವವರು ಈ ಪ್ರಶ್ನೆಗೆ ಒಂದು ವಾರವನ್ನಾದರೂ ಮೀಸಲಿಡಬೇಕು.

ಇನ್ನೊಂದು ನನಗೆ ನಿಜವಾಗಿ ಬೇಸರ ತಂದದ್ದು. ನಮಗೆ ಜಮೀನು ತೋರಿಸಿ, ಗಂಟೆಗಟ್ಟಲೆ ಮಾತಾಡಿದ ಕುಟುಂಬಕ್ಕೆ ವರದಿ ತಲುಪಿಸುವ ಏರ್ಪಾಡು ಕೋರ್ಸಿನಲ್ಲಿ ಇಲ್ಲ. ವರದಿ ಹೋಗುವುದು ಅಂಕ ಹಾಕುವವರಿಗೆ. ನಮ್ಮ ಗುಂಪು ತಾನಾಗಿ ಆ ಹಾಳೆಯ ಒಂದು ಪ್ರತಿ ಮಾಡಿ, ಸರಳ ಭಾಷೆಯಲ್ಲಿ ಟಿಪ್ಪಣಿ ಬರೆದು ಕೊಟ್ಟು ಬಂತು. ಇದು ವಿದ್ಯಾರ್ಥಿಗಳ ಒಳ್ಳೆತನಕ್ಕೆ ಬಿಡುವ ವಿಷಯ ಅಲ್ಲ. ಕಡ್ಡಾಯ ಮಾಡಿ ಅಂತ ಅಭಿಪ್ರಾಯದ ಫಾರ್ಮಿನಲ್ಲಿ ಬರೆದಿದ್ದೇನೆ.

ಹೊಲದ ಕೆಲಸ ಅಥವಾ ಸಲಹೆಯ ಕೆಲಸ ಒಂದಷ್ಟು ಮಾಡಿದವರು ಧೈರ್ಯವಾಗಿ ಸೇರಬಹುದು. ಮಣ್ಣು, ಬೆಳೆಯ ಮೂಲಪಾಠ ಗೊತ್ತಿಲ್ಲದವರು ಮೊದಲು ಅದನ್ನು ಕಲಿತು ಬನ್ನಿ, ಇಲ್ಲಿ ಅದಕ್ಕೆ ನಿಲ್ಲುವುದಿಲ್ಲ. ಸೇರುವವರು ನಿಮಗೆ ಮತ್ತೆ ಮತ್ತೆ ಹೋಗಿಬರಲು ಹತ್ತಿರವಾಗುವ ಜಮೀನನ್ನೇ ಕೇಳಿ ಪಡೆಯಿರಿ, ಕೊಡುತ್ತಾರೆ. ಭೇಟಿಯ ದಿನ ಗೊತ್ತು ಮಾಡುವಾಗ ಯಜಮಾನರ ಜೊತೆ ಮನೆಯ ಹೆಂಗಸರಿಗೂ ಬಿಡುವಿರುವ ಹೊತ್ತು ಯಾವುದು ಅಂತ ಮೊದಲೇ ಕೇಳಿಕೊಳ್ಳಿ.